ಜಗನ್ನಾಥ ಒಳ್ಳೆಯವನೇ, ಆದರೂ ಯಾಕೆ ಭಯ?

ಪ್ರಶ್ನೆ:
ಅನಂತಮೂರ್ತಿಯವರ ‘ಭಾರತೀಪುರ’ (1973) ಕಾದಂಬರಿಯನ್ನು ಮೂರನೇ ಸಲ ಓದಿದೆ. ಕಾಲೇಜಿನಲ್ಲಿದ್ದಾಗ ಜಗನ್ನಾಥನೇ ನನ್ನ ಹೀರೋ. ಇಂಗ್ಲೆಂಡಿನಿಂದ ಬಂದ ಜಮೀನ್ದಾರ, ದಲಿತರನ್ನು ಮಂಜುನಾಥನ ಗುಡಿಯೊಳಗೆ ಕರೆದೊಯ್ಯಲು ಹೊರಟವನು. ಈ ಸಲ ಸಾಲಿಗ್ರಾಮದ ಭಾಗ ಬಂದಾಗ ಪುಸ್ತಕ ಮುಚ್ಚಿ ಎದ್ದುಹೋದೆ. ಕೆಟ್ಟವರಿಗಿಂತ ಇಂಥವರೇ ಜಾಸ್ತಿ ಹೆದರಿಸುತ್ತಾರೆ, ಅಲ್ವಾ?

ಉತ್ತರ 1:
ನಿಜ. ಮನೆಯಲ್ಲಿ ಪೂಜಿಸುವ ಸಾಲಿಗ್ರಾಮವನ್ನು ಅಂಗಳಕ್ಕೆ ತಂದು ದಲಿತರಿಗೆ ‘ಮುಟ್ಟಿ’ ಅನ್ನುತ್ತಾನೆ. ಅವರು ಹೆದರಿ ಹಿಂಜರಿದರೆ ಗದರುತ್ತಾನೆ. ಕೊನೆಗೆ ಮುಟ್ಟುತ್ತಾರೆ, ಆದರೆ ಒಡೆಯ ರೇಗಿದ ಅಂತ. ಅವರಿಗೇನು ಬೇಕು ಅಂತ ಅವನು ಕೇಳಿದ್ದನಾ? ಸಮಾನತೆ ತರೋಕೂ ಅವನಿಗೆ ಜಮೀನ್ದಾರನ ದನಿಯೇ ಬೇಕಾಯಿತು ನೋಡಿ.

ಉತ್ತರ 2:
ಸ್ವಲ್ಪ ತಡೀರಿ. ಗುಡಿ ಬಾಗಿಲು ಮುಚ್ಚಿದವರಿಗೂ ತಾವೇ ಸರಿ ಅನ್ನೋ ನಂಬಿಕೆ ಇತ್ತಲ್ಲ! ಅವರನ್ನು ಯಾರೂ ಹೀಗೆ ವಿಚಾರಿಸಿಕೊಳ್ಳಲ್ಲ. ಜಗನ್ನಾಥ ಆಮೇಲಾದರೂ ತಪ್ಪೆಲ್ಲಾಯಿತು ಅಂತ ಯೋಚಿಸುತ್ತಾನೆ.

ಪ್ರಶ್ನೆ ಕೇಳಿದವರು:
ಒಪ್ಪಿದೆ. ನಾನು ಮೇಷ್ಟ್ರು. ಹೋದ ವರ್ಷ ಮಾತಾಡಲು ಹೆದರುವ ಹುಡುಗಿಯೊಬ್ಬಳನ್ನು ‘ಧೈರ್ಯ ಬರಲಿ’ ಅಂತ ಬಲವಂತವಾಗಿ ವೇದಿಕೆ ಹತ್ತಿಸಿದ್ದೆ. ಮೈಕಿನ ಮುಂದೆ ಅತ್ತುಬಿಟ್ಟಳು. ನಾನು ಕೆಳಗಿನಿಂದ ‘ಹೇಳಮ್ಮಾ, ಹೇಳು’ ಅಂತ ಕೂಗುತ್ತಲೇ ಇದ್ದೆ. ಪುಸ್ತಕ ಮುಚ್ಚಿದ್ದು ಅದಕ್ಕೇ.