ರೆಸಿಪಿಯ ಮೇಲೆ ಗೂಬೆ ಕೂರಿಸಬೇಡ, ಪುಟ್ಟಿ

ಪುಟ್ಟಿ, ನೀನು ಹಾಕಿದ ಕುಸಿದ ಕೇಕ್‌ಗಳ ಮೂರು ಫೋಟೊ, ಅವುಗಳ ಕೆಳಗಿನ ಅಳುವ ಮುಖಗಳು, ಅದಕ್ಕೆ ಅಕ್ಕ ಕೊಟ್ಟ "ಸುಮ್ಮನೆ ಹೊರಗೆ ಆರ್ಡರ್ ಕೊಡೋಣ" ಎಂಬ ಉತ್ತರ, ಎಲ್ಲವನ್ನೂ ಈಗಷ್ಟೇ ನೋಡಿದೆ. ಬೆರಳಿನಿಂದ ಒತ್ತುತ್ತಾ ಕುಳಿತರೆ ನನಗೆ ಮಧ್ಯರಾತ್ರಿಯಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದವಾಗುತ್ತದೆ. ಕೇಕ್ ಎಂದರೆ ತಿನ್ನುವುದಷ್ಟೇ ಗೊತ್ತಿರುವವರು ಇಲ್ಲಿಂದಲೇ ಎದ್ದು ಹೋಗಬಹುದು, ನನಗೆ ಬೇಸರವಿಲ್ಲ. ಭಾವ, ನೀವು ಮಾತ್ರ ಕುಳಿತಿರಬೇಕು. ನಿಮಗೂ ಒಂದು ಮಾತಿದೆ.

ಬರುವ ಭಾನುವಾರ ಅಜ್ಜಿಗೆ ಎಂಬತ್ತು ತುಂಬುತ್ತದೆ, ಇಪ್ಪತ್ತನಾಲ್ಕು ಜನ ಸೇರುತ್ತೇವೆ, ಕೇಕ್ ನನ್ನ ಜವಾಬ್ದಾರಿ ಎಂದು ನೀನಾಗಿಯೇ ಒಪ್ಪಿಕೊಂಡೆ. ಮೂರು ವಾರದಲ್ಲಿ ಮೂರು ರೆಸಿಪಿ ಮಾಡಿದೆ, ಮೂರೂ ನಡುವೆ ಕುಸಿದು ಕುಳಿತವು. ಈಗ ನಾಲ್ಕನೆಯದನ್ನು ನನ್ನಿಂದ ಕೇಳುತ್ತಿದ್ದೀಯ. ಕೊಡುವುದಿಲ್ಲ. ನಿನ್ನ ಮೊದಲನೆಯ ರೆಸಿಪಿಯಲ್ಲಿ ಯಾವ ದೋಷವೂ ಇಲ್ಲ.

ಆ ಮೊದಲ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಅಂಚು ಕಡು ಕಂದಾಗಿ ಟಿನ್ನಿನ ಗೋಡೆ ಬಿಟ್ಟು ಸರಿದಿದೆ. ನಡುವೆ ಬಟ್ಟಲಿನಂಥ ತಗ್ಗು. ಕತ್ತರಿಸಿದ ತುಂಡಿನ ತಳದಲ್ಲಿ, ನಡುಭಾಗದಲ್ಲಿ ಮಾತ್ರ, ಒದ್ದೆ ಮೇಣದಂಥ ಒಂದು ಪಟ್ಟಿ ಹೊಳೆಯುತ್ತಿದೆ. ಆ ಪಟ್ಟಿಯೇ ಸಾಕ್ಷಿ, ಅಷ್ಟು ಭಾಗ ಬೆಂದಿಲ್ಲ. ನಾಲ್ಕು ಮೊಟ್ಟೆಯ ಹಿಟ್ಟನ್ನೆಲ್ಲ ಒಂದೇ ಟಿನ್ನಿಗೆ ಸುರಿದೆ ಎಂದು ನೀನೇ ಬರೆದಿದ್ದೀಯ. ಅಷ್ಟು ಆಳದ ನಡುವಿಗೆ ಬಿಸಿ ಇಳಿಯುವಷ್ಟರಲ್ಲಿ ಅಂಚು ಸೀದಿರುತ್ತದೆ. ಹೊರಗಿನ ಬಣ್ಣ ನೋಡಿ ಆಯಿತೆಂದು ನೀನು ತೆಗೆದುಬಿಟ್ಟೆ. ಒಳಗಿನ ಹಿಟ್ಟು ಗಾಳಿಗುಳ್ಳೆಗಳನ್ನು ಹೊತ್ತು ಮೇಲೇನೋ ಬಂದಿತ್ತು, ಆದರೆ ಮೊಟ್ಟೆಯೂ ಮೈದಾವೂ ಗಟ್ಟಿಯಾಗಿ ಇನ್ನೂ ಗೋಡೆ ಕಟ್ಟಿರಲಿಲ್ಲ. ತಣ್ಣಗಾಗುತ್ತಿದ್ದಂತೆ ಗಾಳಿ ಕುಗ್ಗಿತು, ಚಾವಣಿ ಕುಳಿತಿತು.

ಎರಡನೆಯ ಸಲ "ಚೆನ್ನಾಗಿ ಉಬ್ಬಲಿ ಎಂದು ಒಂದು ಚಮಚ ಬೇಕಿಂಗ್ ಪೌಡರ್ ಜಾಸ್ತಿ ಹಾಕಿದೆ" ಎಂದಿದ್ದೀಯ. ನಿನ್ನ ವಯಸ್ಸಿನಲ್ಲಿ ನಾನೂ ಹಾಕಿದ್ದೇನೆ, ಹಾಗಾಗಿ ಬೈಯುವ ಹಕ್ಕು ನನಗಿಲ್ಲ. ಜಾಸ್ತಿಯಾದರೆ ಗುಳ್ಳೆಗಳು ಒಂದಕ್ಕೊಂದು ಕೂಡಿಕೊಂಡು ದೊಡ್ಡದಾಗಿ, ಮೇಲೆ ಬಂದು ಒಡೆದುಹೋಗುತ್ತವೆ. ಕೇಕ್ ಮೊದಲು ಗೋಪುರದಂತೆ ಏರುತ್ತದೆ, ನೋಡನೋಡುತ್ತಿದ್ದಂತೆ ಇಳಿಯುತ್ತದೆ, ಬಾಯಲ್ಲಿ ಸೋಪಿನಂಥ ರುಚಿಯನ್ನೂ ಉಳಿಸುತ್ತದೆ. ಸುಮಾರು 120 ಗ್ರಾಂ ಮೈದಾಕ್ಕೆ ಮಟ್ಟಸ ಮಾಡಿದ ಒಂದು ಟೀ ಚಮಚ ಸಾಕು. ಡಬ್ಬಿ ಹಳೆಯದೇ ಎಂಬ ಅನುಮಾನವಿದ್ದರೆ ಚಿಟಿಕೆ ಪುಡಿಯನ್ನು ಬಿಸಿ ನೀರಿಗೆ ಹಾಕು. ಬುಸುಬುಸು ನೊರೆ ಬಂದರೆ ಜೀವವಿದೆ.

ಮೂರನೆಯದರ ಕಥೆ ಬೇಡ. ಅರ್ಧ ಗಂಟೆಯಲ್ಲಿ ನಾಲ್ಕು ಸಲ ಓವನ್ ಬಾಗಿಲು ತೆರೆದು ಇಣುಕಿದರೆ ಯಾವ ಕೇಕ್ ತಾನೇ ನಿಲ್ಲುತ್ತದೆ?

ನೋಡು, ಮೂರು ಸಲವೂ ರೆಸಿಪಿ ಬದಲಾಯಿತು, ಟಿನ್ ಬದಲಾಯಿತು, ಪೌಡರಿನ ಅಳತೆ ಬದಲಾಯಿತು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಎಲ್ಲಿದೆ ಎಂದು ಹೇಗೆ ಗೊತ್ತಾಗಬೇಕು? ಬದಲಾಗದೆ ಉಳಿದದ್ದು ಓವನ್ ಒಂದೇ, ಮೂರೂ ಫೋಟೊಗಳಲ್ಲಿ ಅಂಚು ಕಪ್ಪಾಗಿದೆ. ನನಗೆ ಅದರ ಮೇಲೆಯೇ ಅನುಮಾನ. ಗುಂಡಿಯ ಮೇಲೆ 180 ಎಂದು ಬರೆದಿದ್ದರೆ ಒಳಗೂ 180 ಡಿಗ್ರಿ ಇರುತ್ತದೆ ಎಂದು ನಂಬುವುದು ಮುಗ್ಧತನ. ಇಪ್ಪತ್ತು ಡಿಗ್ರಿ ಆಚೀಚೆ ಇರುವ ಓವನ್‌ಗಳೇನೂ ಅಪರೂಪವಲ್ಲ.

ಒಳಗೆ ಇಡುವ ಸಣ್ಣ ಥರ್ಮಾಮೀಟರ್ ಸಿಗುತ್ತದೆ, ಕೊಂಡರೆ ಒಳ್ಳೆಯದು. ಈ ವಾರಕ್ಕೆ ಸಕ್ಕರೆಯೇ ಸಾಕು. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಓವನ್ನನ್ನು 175ಕ್ಕೆ ಇಟ್ಟು, ಪೂರ್ತಿ ಬಿಸಿಯಾದ ಮೇಲೆ ಫಾಯಿಲ್ ಮೇಲೆ ಒಂದು ಚಮಚ ಸಕ್ಕರೆ ಹರಡಿ 15 ನಿಮಿಷ ಒಳಗಿಡು. ಅದು ಹರಳು ಹರಳಾಗಿಯೇ ಉಳಿಯಬೇಕು. ಕರಗಿ ಗಾಜಿನಂತಾದರೆ ನಿನ್ನ ಓವನ್ ಹೇಳುವುದಕ್ಕಿಂತ ಹೆಚ್ಚು ಕಾಯುತ್ತಿದೆ. ಆಮೇಲೆ 190ಕ್ಕೆ ಏರಿಸಿ ಹೊಸ ಸಕ್ಕರೆ ಇಡು. ಈಗ ಕರಗಬೇಕು. ಕರಗದಿದ್ದರೆ ಕಡಿಮೆ ಕಾಯುತ್ತಿದೆ. ಇನ್ನೊಂದು ದಿನ ಜಾಲರಿಯ ತುಂಬ ಬ್ರೆಡ್ ಹೋಳುಗಳನ್ನು ಹರಡಿ ಕೆಂಪಾಗಿಸು. ಯಾವ ಮೂಲೆಯ ಹೋಳು ಮೊದಲು ಕಪ್ಪಾಗುತ್ತದೋ ಆ ಮೂಲೆ ಬಿಸಿ. ನನ್ನ ಓವನ್ನಿನ ಹಿಂಬದಿಯ ಎಡಮೂಲೆ ಹಾಗೆಯೇ. ಮುಕ್ಕಾಲು ಬೆಂದ ಮೇಲೆ ಒಮ್ಮೆ ಮಾತ್ರ ಬಾಗಿಲು ತೆರೆದು ಟಿನ್ ತಿರುಗಿಸುತ್ತೇನೆ, ಅಷ್ಟೆ.

ಈಗ ನಿನ್ನ ಮೊದಲ ರೆಸಿಪಿಗೆ ಹೋಗು. ನಾಲ್ಕು ಮೊಟ್ಟೆಗಳನ್ನು ಚಿಪ್ಪಿನ ಸಮೇತ ತೂಗು, ಸುಮಾರು 225 ಗ್ರಾಂ ಬರುತ್ತದೆ. ಅಷ್ಟೇ ಬೆಣ್ಣೆ, ಅಷ್ಟೇ ಸಕ್ಕರೆ, ಅಷ್ಟೇ ಮೈದಾ, ಎರಡು ಟೀ ಚಮಚ ಬೇಕಿಂಗ್ ಪೌಡರ್, ಬೇಕಿದ್ದರೆ ಎರಡು ದೊಡ್ಡ ಚಮಚ ಹಾಲು. ಕಪ್ಪಿನಲ್ಲಿ ಅಳೆಯಬೇಡ. ಹಗುರವಾಗಿ ಚಮಚದಿಂದ ತುಂಬಿದರೆ ಒಂದು ಕಪ್ ಮೈದಾ 120 ಗ್ರಾಂ ತೂಗುತ್ತದೆ, ಅದೇ ಕಪ್ಪನ್ನು ಡಬ್ಬಿಯೊಳಗೆ ಅದ್ದಿ ಒತ್ತಿ ತೆಗೆದರೆ 150 ದಾಟುತ್ತದೆ. ಎಲ್ಲ ಸೇರಿಸಿ ಕಲಸಿದ ಹಿಟ್ಟನ್ನು 20 ಸೆಂ.ಮೀ. ಅಗಲದ ಎರಡು ಟಿನ್‌ಗಳಿಗೆ ಸಮನಾಗಿ ಹಂಚು. ಆಗ ಆಳ ಕಡಿಮೆ, ನಡುಭಾಗವೂ ಅಂಚಿನ ಹಿಂದೆಯೇ ಬೇಯುತ್ತದೆ. 180 ಡಿಗ್ರಿಯಲ್ಲಿ 25 ನಿಮಿಷದ ಸುಮಾರಿಗೆ ನೋಡು. ಫ್ಯಾನ್ ತಿರುಗುವ ಓವನ್ನಾದರೆ 160. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಪುಟಿದು ಮೇಲೆ ಬರಬೇಕು, ಟೂತ್‌ಪಿಕ್ ಚುಚ್ಚಿದರೆ ಹಸಿ ಹಿಟ್ಟು ಅಂಟಬಾರದು. ಬಣ್ಣವನ್ನು ಮಾತ್ರ ನಂಬಬೇಡ, ಒಮ್ಮೆ ಮೋಸ ಹೋಗಿದ್ದೀಯ.

ಬೆಣ್ಣೆಯ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಕೇಕ್ ಅರ್ಧ ಆಗುವುದು ಅಲ್ಲಿಯೇ. ಬೇಕಿಂಗ್ ಪೌಡರ್ ಹೊಸ ಗುಳ್ಳೆಗಳನ್ನು ಹುಟ್ಟಿಸುವುದಿಲ್ಲ, ಮೊದಲೇ ಇರುವ ಪುಟ್ಟ ಗುಳ್ಳೆಗಳನ್ನು ಊದಿಸುತ್ತದೆ. ಆ ಪುಟ್ಟ ಗುಳ್ಳೆಗಳನ್ನು ನೀನು ಬೀಟರ್ ಹಿಡಿದು ತುಂಬಬೇಕು. ಬೆಣ್ಣೆ ಕಲ್ಲಿನಂತಿದ್ದರೆ ಗಾಳಿ ಒಳಗೆ ಹೋಗುವುದಿಲ್ಲ, ಕರಗಿದ್ದರೆ ಒಳಗೆ ನಿಲ್ಲುವುದಿಲ್ಲ. 18ರಿಂದ 20 ಡಿಗ್ರಿ ಎನ್ನುತ್ತಾರೆ. ಬೆರಳಿಗೆ ತಿಳಿಯುವಂತೆ ಹೇಳುವುದಾದರೆ, ಒತ್ತಿದರೆ ಗುಳಿ ಬೀಳಬೇಕು, ಬೆರಳು ಎಣ್ಣೆಯಂತೆ ಮಿನುಗಬಾರದು. ಸಕ್ಕರೆ ಹಾಕಿ ನಾಲ್ಕೈದು ನಿಮಿಷ ಬಡಿ. ಹಳದಿ ಹೋಗಿ ಕೆನೆಯ ಬಣ್ಣ ಬರುತ್ತದೆ, ಪಾತ್ರೆಯಲ್ಲಿ ಮಿಶ್ರಣ ಹೆಚ್ಚಾದಂತೆ ಕಾಣುತ್ತದೆ, ಬೀಟರಿನ ಸದ್ದೂ ಮೆತ್ತಗಾಗುತ್ತದೆ. ಆ ಸದ್ದು ಒಮ್ಮೆ ಕಿವಿಗೆ ಕುಳಿತರೆ ಗಡಿಯಾರ ನೋಡುವ ಅಗತ್ಯವೇ ಇಲ್ಲ. ಮೊಟ್ಟೆಯನ್ನು ಫ್ರಿಜ್ಜಿನಿಂದ ನೇರವಾಗಿ ತಂದು ಒಡೆಯಬೇಡ. ತಣ್ಣನೆಯ ಮೊಟ್ಟೆ ಬಿದ್ದರೆ ಬೆಣ್ಣೆ ಒಡೆದು ಮುದ್ದೆ ಮುದ್ದೆಯಾಗುತ್ತದೆ. ಒಂದೊಂದಾಗಿ ಹಾಕು, ಆದರೂ ಒಡೆಯಿತೆನ್ನಿಸಿದರೆ ಒಂದು ಚಮಚ ಮೈದಾ ಸೇರಿಸು, ಕೂಡಿಕೊಳ್ಳುತ್ತದೆ. ಮೈದಾ ಪೂರ್ತಿ ಬಿದ್ದ ಮೇಲೆ ಬೀಟರ್ ಕೆಳಗಿಟ್ಟುಬಿಡು. ಬಿಳಿ ಪುಡಿ ಮಾಯವಾಗುವವರೆಗೆ ಚಮಚದಿಂದ ಮಗುಚಿದರೆ ಸಾಕು. ಅದಕ್ಕಿಂತ ಹೆಚ್ಚು ಕಲಸಿದರೆ ಮೈದಾದ ಅಂಟು, ಅಂದರೆ ಗ್ಲುಟೆನ್, ಬಿಗಿದುಕೊಂಡು ಕೇಕ್ ರಬ್ಬರಾಗುತ್ತದೆ.

ತಡಿ, ಫೋನ್ ಬಿಸಿಯಾಗಿದೆ, ಕೈ ಬದಲಿಸುತ್ತೇನೆ. ಹಾಂ.

ಈಗ ಭಾವನ ಸರದಿ. ಮೊಟ್ಟೆ ತಿನ್ನದವರು ಐದಾರು ಮಂದಿ ಇದ್ದಾರೆ ಎಂದು ಪುಟ್ಟಿ ಬರೆದದ್ದಕ್ಕೆ ನೀವು "ಮೊಟ್ಟೆಯಿಲ್ಲದ ಕೇಕ್ ಕೇಕೇ ಅಲ್ಲ" ಎಂದಿರಿ. ಕೇಕ್ ಉಬ್ಬಿಸುವ ಬೇಕಿಂಗ್ ಪೌಡರಿನ ಚರಿತ್ರೆಯಲ್ಲಿಯೇ ಅಂಥವರೊಬ್ಬರಿದ್ದಾರೆ, ಭಾವ. ಇಂಗ್ಲೆಂಡಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಆಲ್ಫ್ರೆಡ್ ಬರ್ಡ್ ಎಂಬವರ ಹೆಂಡತಿಗೆ ಮೊಟ್ಟೆಯೂ ಯೀಸ್ಟೂ ಒಗ್ಗುತ್ತಿರಲಿಲ್ಲ. ಆಕೆಗಾಗಿ ಅವರು 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ, 1843ರಲ್ಲಿ ಯೀಸ್ಟ್ ಬದಲಿಗೆ ಬೇಕಿಂಗ್ ಪೌಡರ್ ತಯಾರಿಸಿದರು. ನೀವು ಅಕ್ಕನಿಗಾಗಿ ಒಂದು ದಿನ ಚಹಾ ಮಾಡಿದ್ದು ನನಗೆ ನೆನಪಿಲ್ಲ.

ಪುಟ್ಟಿ, ಎರಡನೆಯ ಕೇಕ್ ಮೊಟ್ಟೆಯಿಲ್ಲದ್ದೇ ಇರಲಿ. ಒಂದು ಕಪ್ ಮೊಸರಿಗೆ 150 ಗ್ರಾಂ ಸಕ್ಕರೆ ಹಾಕಿ ಕರಗಿಸು. ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ ಬೆರೆಸಿ ಐದು ನಿಮಿಷ ಬಿಡು, ಗುಳ್ಳೆ ಎದ್ದು ಉಬ್ಬುತ್ತದೆ. ಅರ್ಧ ಕಪ್ ವಾಸನೆಯಿಲ್ಲದ ಎಣ್ಣೆ, ವೆನಿಲಾ, ಜರಡಿ ಹಿಡಿದ 190 ಗ್ರಾಂ ಮೈದಾ ಸೇರಿಸಿ ತಕ್ಷಣ ಓವನ್ನಿಗಿಡು. ಮೊಸರಿನ ಹುಳಿ ಸೋಡಾವನ್ನು ಎಬ್ಬಿಸಿದ ಮೇಲೆ ಅದು ನಿನಗಾಗಿ ಕಾಯುವುದಿಲ್ಲ, ಫೋನ್ ಬಂತೆಂದು ಹೋದರೆ ಗುಳ್ಳೆಯೆಲ್ಲ ಹಾರಿಹೋಗಿರುತ್ತದೆ. ಇದನ್ನು ಒಂದೇ 20 ಸೆಂ.ಮೀ. ಟಿನ್ನಿನಲ್ಲಿ 180ಕ್ಕೆ 30ರಿಂದ 35 ನಿಮಿಷ ಬೇಯಿಸಿ, ತಣ್ಣಗಾದ ಮೇಲೆ ಅಡ್ಡಕ್ಕೆ ಸೀಳು. ಎಣ್ಣೆಯ ಕೇಕ್ ಫ್ರಿಜ್ಜಿನಲ್ಲಿಯೂ ಮೆತ್ತಗೇ ಇರುತ್ತದೆ. ನಿಜ ಹೇಳಬೇಕೆಂದರೆ ಅಜ್ಜಿಯ ಹಲ್ಲಿಗೆ ಇದೇ ಸರಿ. ಒಂದೊಂದರಲ್ಲಿ ಹನ್ನೆರಡು ತುಂಡು, ಲೆಕ್ಕವೂ ಕೂಡಿತು.

ಭಾನುವಾರ ಬೆಳಿಗ್ಗೆ ಎದ್ದು ಮಾಡುತ್ತೇನೆ ಎಂದಿದ್ದೀಯಲ್ಲ, ಅದು ಬೇಡವೇ ಬೇಡ. ನನ್ನ ಕಥೆ ಕೇಳು. ಮನೆಯಲ್ಲಿ ಒಂದು ಮದುವೆ ವಾರ್ಷಿಕೋತ್ಸವಕ್ಕೆ ಬೆಳಿಗ್ಗೆ ಕೇಕ್ ಬೇಯಿಸಿ, ಕೈಗೆ ಬೆಚ್ಚಗೆ ತಾಗುತ್ತಿರುವಾಗಲೇ ಕ್ರೀಮ್ ಹಚ್ಚಿದೆ. ಹತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಮೇಲಿನ ಪದರ ಒಂದು ಕಡೆಗೆ ಜಾರತೊಡಗಿತು, ಅವಸರವಿಲ್ಲದೆ, ನಿದ್ದೆ ತೂಗುವವರ ತಲೆಯಂತೆ. ಮೂರು ಕಡ್ಡಿ ಚುಚ್ಚಿ ನಿಲ್ಲಿಸಿದೆ. ಆ ದಿನದ ಎಲ್ಲ ಫೋಟೊಗಳಲ್ಲಿ ನಾನು ಕೇಕಿನ ಎಡಗಡೆಗೇ ಏಕೆ ಅಂಟಿಕೊಂಡು ನಿಂತಿದ್ದೇನೆ ಎಂದು ಅಕ್ಕನಿಗೆ ಈಗ ಗೊತ್ತಾಗಿರಬೇಕು.

ಹಾಗಾಗಿ ಶುಕ್ರವಾರ ಸಂಜೆ ಎರಡನ್ನೂ ಬೇಯಿಸು. ಟಿನ್ನಿನಲ್ಲಿ ಹತ್ತು ನಿಮಿಷ ಬಿಟ್ಟು, ತಂತಿ ಜಾಲರಿಯ ಮೇಲೆ ಮಗುಚಿ, ಪೂರ್ತಿ ಆರಿದ ಮೇಲೆ ಗಾಳಿಯಾಡದಂತೆ ಸುತ್ತಿಡು. ಒಂದು ರಾತ್ರಿ ಕಳೆದ ಕೇಕ್ ಉದುರದೆ ನೀಟಾಗಿ ಕತ್ತರಿಸಿ ಬರುತ್ತದೆ. ಶನಿವಾರ ಮಧ್ಯಾಹ್ನ ಕ್ರೀಮ್. ವಿಪ್ಪಿಂಗ್ ಕ್ರೀಮಿನಲ್ಲಿ ಶೇ. 35ರ ಹತ್ತಿರ ಕೊಬ್ಬಿರಲಿ, ಪಾತ್ರೆಯನ್ನೂ ಬೀಟರಿನ ಕಡ್ಡಿಗಳನ್ನೂ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡು. ಬೀಟರ್ ಎತ್ತಿದಾಗ ಕ್ರೀಮಿನ ತುದಿ ಬಾಗದೆ ನಿಂತ ಕೂಡಲೇ ಬಡಿಯುವುದನ್ನು ನಿಲ್ಲಿಸು, ಮುಂದಿನ ನಿಲ್ದಾಣ ಬೆಣ್ಣೆ. ಮೊದಲು ತೆಳುವಾಗಿ ಒಂದು ಸುತ್ತು ಬಳಿದು ಅರ್ಧ ಗಂಟೆ ಫ್ರಿಜ್ಜಿನಲ್ಲಿಡು. ಉದುರುವ ಪುಡಿಯೆಲ್ಲ ಅದರಲ್ಲಿ ಅಂಟಿಕೊಂಡು ಕೂರುತ್ತದೆ, ಅದರ ಮೇಲೆ ಬಳಿಯುವ ಎರಡನೆಯ ಸುತ್ತು ಬಿಳಿಯಾಗಿ ಬರುತ್ತದೆ. ಕ್ರೀಮ್ ಹಚ್ಚಿದ ಕೇಕ್ ಫ್ರಿಜ್ಜಿನಲ್ಲೇ ಇರಬೇಕು, ಆದರೆ ಬೆಣ್ಣೆಯ ಕೇಕ್ ತಣ್ಣಗಿದ್ದಾಗ ಇಟ್ಟಿಗೆಯಂತೆ. ಕತ್ತರಿಸುವ ಮುಕ್ಕಾಲು ಗಂಟೆ ಮೊದಲು ಹೊರಗಿಡು.

ಎರಡನೆಯ ತುಂಡು ಕೇಳುವವರಿಗೆ ಕ್ಯಾರಮೆಲ್ ಕಸ್ಟರ್ಡ್ ನಾನು ತರುತ್ತೇನೆ. ಅದೂ ಹಿಂದಿನ ದಿನವೇ ಆಗಬೇಕಾದದ್ದು. ನೀನು ಹಣ್ಣಿನ ಜೆಲ್ಲಿ ಮಾಡುವ ಯೋಚನೆಯಲ್ಲಿದ್ದರೆ ಒಂದು ಎಚ್ಚರಿಕೆ: ಜೆಲ್ಲಿಯನ್ನು ಗಟ್ಟಿಯಾಗಿಸುವ ಜೆಲಟಿನ್‌ಗೆ ಹಸಿ ಅನಾನಸ್, ಕಿವಿ ಹಣ್ಣು, ಪಪ್ಪಾಯ ಹಾಕಬೇಡ. ಅವುಗಳಲ್ಲಿರುವ ಕಿಣ್ವ ಜೆಲಟಿನ್ನನ್ನೇ ಕತ್ತರಿಸಿಹಾಕುತ್ತದೆ. ಅನಾನಸನ್ನು ಬೇಯಿಸಿ ಹಾಕಿದರೆ ತೊಂದರೆಯಿಲ್ಲ. ಇದು ಗೊತ್ತಿಲ್ಲದೆ ನಾನು ಇಡೀ ರಾತ್ರಿ ಫ್ರಿಜ್ ಬಾಗಿಲು ತೆರೆದು ನೋಡಿದ್ದೇ ನೋಡಿದ್ದು. ಬೆಳಿಗ್ಗೆ ಅದನ್ನು ಲೋಟಗಳಿಗೆ ಸುರಿದು ಶರಬತ್ತು ಎಂದು ಕೊಟ್ಟೆ. ಚೆನ್ನಾಗಿದೆ ಎಂದು ಎರಡು ಲೋಟ ಕುಡಿದದ್ದು ಭಾವನವರೇ.

ಇವತ್ತು ಸಕ್ಕರೆ ಪರೀಕ್ಷೆ ಮಾಡಿ ಫಾಯಿಲಿನ ಫೋಟೊ ಹಾಕು. ಬುಧವಾರ ಎರಡು ಮೊಟ್ಟೆಯ ಅರ್ಧ ಅಳತೆಯಲ್ಲಿ ಒಂದೇ ಪದರ ಬೇಯಿಸಿ ನೋಡು. ಓವನ್ನಿನ ಬಿಸಿ ಬಿಟ್ಟು ಬೇರೇನನ್ನೂ ಬದಲಿಸಬೇಡ. ಕತ್ತರಿಸಿದ ಮುಖದ ಫೋಟೊ ಬೇಕು, ಮೇಲಿನದಲ್ಲ. ಅಕ್ಕ, ನೀನು ಆರ್ಡರ್ ಗೀರ್ಡರ್ ಎಂದು ಓಡಾಡದೆ ಮೇಣದಬತ್ತಿ ತಂದಿಡು. ಎಂಬತ್ತು ತರಬೇಡ, ಅಷ್ಟನ್ನು ಹಚ್ಚಿ ಮುಗಿಸುವುದರೊಳಗೆ ಕ್ರೀಮ್ ಕರಗಿ ಹರಿದಿರುತ್ತದೆ. ಎಂಟು ಸಾಕು.