ರೀಮ್ಯಾಪ್ ಮಾಡಿದ ಮನೆ ಕಾರಾ, ಹಗುರದ ಟ್ರ್ಯಾಕ್ ಗಾಡಿಯಾ? ಗ್ಯಾರೇಜ್ ಅಣ್ಣನಿಗೆ ನಿಮ್ಮ ಪ್ರಶ್ನೆ

ಅಡ್ಮಿನ್: ಇವತ್ತು ರಾತ್ರಿ 8ರಿಂದ ಗ್ಯಾರೇಜ್ ಅಣ್ಣ ಉತ್ತರ ಕೊಡುತ್ತಾರೆ. 22 ವರ್ಷ ಕಾರು ಬಿಚ್ಚಿ ಜೋಡಿಸಿದ ಕೈ. ಚೆನ್ನೈ, ಕೊಯಮತ್ತೂರು ರೇಸುಗಳಲ್ಲಿ ಪಿಟ್ (ರೇಸಿನ ನಡುವೆ ಗಾಡಿ ಸರಿಮಾಡುವ ಜಾಗ) ಕೆಲಸ ಮಾಡಿದ್ದಾರೆ. ಎಂದಿನಂತೆ ನಂಬರ್ ಪ್ಲೇಟ್ ಹೆಸರಲ್ಲೇ ಕೇಳಿ.

ಕೆಎ-51: ಅಣ್ಣ, ನನ್ನ ಸೆಡಾನ್ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಪವರ್ ಹೆಚ್ಚಿಸೋದು) ಆದ ಮೇಲೆ 230 ಎಚ್‌ಪಿ. ತೂಕ 1,350 ಕೆಜಿ. ದಿನಾ ಆಫೀಸಿಗೂ ಅದೇ. ಕೇಟರ್‌ಹ್ಯಾಮ್ ತರಹದ, ಬಾಗಿಲಿಲ್ಲದ ಪುಟ್ಟ ಬ್ರಿಟಿಷ್ ಗಾಡಿ ಇದನ್ನು ಹಿಂದೆ ಹಾಕುತ್ತಾ?

ಗ್ಯಾರೇಜ್ ಅಣ್ಣ: ಎಲ್ಲಿ ಓಡಿಸ್ತೀರಿ ಅನ್ನೋದರ ಮೇಲಿದೆ. ಕೇಟರ್‌ಹ್ಯಾಮ್ ಸೆವೆನ್ 160 ಮಾಡೆಲನ್ನೇ ಉದಾಹರಣೆಗೆ ತಗೊಳ್ಳಿ. ಸುಜುಕಿಯ 660 ಸಿಸಿ ಟರ್ಬೊ ಎಂಜಿನ್, ಬರೀ 80 ಎಚ್‌ಪಿ. ಆದರೆ ತೂಕ 490 ಕೆಜಿ. ಇಬ್ಬರೂ 75 ಕೆಜಿಯವರು ಅಂದುಕೊಂಡರೆ, ತೂಕದ ಲೆಕ್ಕದಲ್ಲಿ ಅದರ ಸಮಕ್ಕೆ ಬರಲು ನಿಮಗೆ ಸುಮಾರು 200 ಎಚ್‌ಪಿ ಬೇಕು. ನಿಮ್ಮ ಹತ್ತಿರ 230 ಇದೆ. ನೇರ ರಸ್ತೆಯಲ್ಲಿ ನೀವೇ ಮುಂದೆ. ಅದರ ಟಾಪ್ ಸ್ಪೀಡ್ 160 ಕಿ.ಮೀ. ಆಸುಪಾಸು ಅಷ್ಟೇ, ಗಾಳಿ ತಡೆಯುತ್ತದೆ. ನೋಯ್ಡಾ ಹತ್ತಿರದ ಬುದ್ಧ ಸರ್ಕಿಟ್‌ನಲ್ಲಿ ಒಂದು ಕಿಲೋಮೀಟರ್‌ಗೂ ಜಾಸ್ತಿ ನೇರ ಇದೆ, ಅಲ್ಲಿ ನಿಮ್ಮ ಕಾರು ಖುಷಿಪಡುತ್ತದೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇ ಟ್ರ್ಯಾಕ್ ಚಿಕ್ಕದು, ತಿರುವೇ ಜಾಸ್ತಿ. ಅಲ್ಲಿ ಹಗುರದ ಗಾಡಿ ತಡವಾಗಿ ಬ್ರೇಕ್ ಹಿಡಿದು ಬೇಗ ತಿರುಗಿ ಹೋಗುತ್ತದೆ. ಟೈರ್ ಮೇಲೆ ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗಲ್ಲ. ಎಂಜಿನ್ ಎಷ್ಟೇ ದೊಡ್ಡದಿರಲಿ, ಆ ಲೆಕ್ಕ ಬದಲಾಗಲ್ಲ.

ಕೆಎ-05: ಅದನ್ನೇ ಎರಡು ವರ್ಷದಿಂದ ಹೇಳ್ತಿದೀನಿ. ರೀಮ್ಯಾಪ್ ಸುಮ್ನೆ ದುಡ್ಡು ದಂಡ.

ಕೆಎ-51: ಮಳೆಗಾಲದಲ್ಲಿ ಬಾಗಿಲಿಲ್ಲದ ಗಾಡಿಯಲ್ಲಿ ಸಿಲ್ಕ್ ಬೋರ್ಡ್ ದಾಟಿ ತೋರಿಸಿ, ಆಮೇಲೆ ಮಾತಾಡೋಣ.

ಕೆಎ-13: ಸರ್, ಪೆಟ್ರೋಲ್ ಟ್ಯಾಂಕಿಗೆ ನಾಲ್ಕು ನುಸಿಗುಳಿಗೆ ಹಾಕಿದರೆ ಪಿಕಪ್ ಜಾಸ್ತಿ ಆಗುತ್ತೆ ಅಂತ ಫಾರ್ವರ್ಡ್ ಬಂದಿದೆ. ನಿಜವಾ?

ಗ್ಯಾರೇಜ್ ಅಣ್ಣ: ಹಾಕಬೇಡಿ.

ಕೆಎ-25: ಸರ್ರ, ಇದೆಲ್ಲಾ ಮಾಡಿಸಿದರ ಆರ್‌ಟಿಓದವರು ಹಿಡೀತಾರೇನ್ರೀ?

ಗ್ಯಾರೇಜ್ ಅಣ್ಣ: ಹಿಡಿಯಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿ. ಕಂಪನಿ ಕೊಟ್ಟ ಮೂಲ ವಿವರ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಕೂಡ 2019ರಲ್ಲಿ ಹೇಳಿದೆ. ಇನ್ಶೂರೆನ್ಸ್‌ನವರಿಗೆ ತಿಳಿಸದೆ ಮಾಡಿಸಿದರೆ ಕ್ಲೇಮ್ ಸಮಯದಲ್ಲಿ ತೊಂದರೆ.

ಕೆಎ-19: ಅಣ್ಣಾ, ನನ್ನದು 1.0 ಲೀಟರ್ ಟರ್ಬೊ ಹ್ಯಾಚ್‌ಬ್ಯಾಕ್. ರೀಮ್ಯಾಪ್ ಮಾಡಿಸಿದ್ದೇನೆ. ಕಳೆದ ಭಾನುವಾರ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಹೋಗಿದ್ದೆ. ಅದೇ ದಿನ ಮಾರುತಿ ಎಸ್ಟೀಮ್‌ನ 1.3 ಎಂಜಿನ್ ಹಾಕಿದ ಫಾರ್ಮುಲಾ ಗಾಡಿಯೂ (ಒಬ್ಬರೇ ಕೂರುವ ರೇಸ್ ಕಾರು) ಓಡಿತು. ನನಗಿಂತ ಎಷ್ಟೋ ಬೇಗ ಸುತ್ತು ಮುಗಿಸಿತು. ಇನ್ನೂ ಪವರ್ ಹೇಗೆ ಹೆಚ್ಚಿಸೋದು? ಇನ್ನೊಂದು, ನಾಲ್ಕನೇ ಸುತ್ತಿನಲ್ಲಿ ಬ್ರೇಕ್ ಪೆಡಲ್ ನೆಲಕ್ಕೆ ಹೋಯಿತು, ಮಣ್ಣಿಗೆ ಇಳಿದು ನಿಂತೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಸರಿ ಇತ್ತು, ಬೆಂಗಳೂರಿಗೆ ಓಡಿಸಿಕೊಂಡೇ ಬಂದೆ. ಶನಿವಾರ ಮಕ್ಕಳ ಜೊತೆ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೊರಟಿದ್ದೇವೆ.

ಗ್ಯಾರೇಜ್ ಅಣ್ಣ: ಕೆಎ-19, ಪವರ್ ವಿಷಯ ಬಿಡಿ. ಈ ಕಾರಿನಲ್ಲಿ ಶನಿವಾರ ಹೊರಡಬೇಡಿ.

ನಿಮ್ಮ ಬ್ರೇಕ್ ಆಯಿಲ್ ಕುದ್ದಿದೆ. ನೀವು ಕೂತಾಗ ಕಾರು ಸುಮಾರು 1,250 ಕೆಜಿ. 160 ಕಿ.ಮೀ. ವೇಗದಿಂದ 60ಕ್ಕೆ ಒಂದು ಸಲ ಬ್ರೇಕ್ ಹಿಡಿದರೆ ಹತ್ತಿರ ಹತ್ತಿರ 3 ಲೀಟರ್ ತಣ್ಣೀರು ಕುದಿಯುವ ಹದಕ್ಕೆ ಬರುವಷ್ಟು ಬಿಸಿ ಹುಟ್ಟುತ್ತದೆ. ಅದು ಚಕ್ರದ ಜೊತೆ ತಿರುಗುವ ಡಿಸ್ಕಿಗೆ, ಅದನ್ನು ಒತ್ತಿ ಹಿಡಿಯುವ ಪ್ಯಾಡಿಗೆ, ಅಲ್ಲಿಂದ ಆಯಿಲಿಗೆ ಹೋಗುತ್ತದೆ. ಪ್ರತಿ ತಿರುವಿಗೂ ಇದೇ. ಆ ಫಾರ್ಮುಲಾ ಗಾಡಿ ನಿಮ್ಮ ಕಾರಿನ ಅರ್ಧ ತೂಕವೂ ಇಲ್ಲ, ಬಿಸಿಯೂ ಅಷ್ಟೇ ಕಡಿಮೆ. ರೀಮ್ಯಾಪ್ ನಿಮ್ಮನ್ನು ತಿರುವಿಗೆ ಇನ್ನೂ ಜೋರಾಗಿ ತಂದು ನಿಲ್ಲಿಸಿತು. ಬ್ರೇಕ್ ಮಾತ್ರ ಆಫೀಸಿಗೆ ಹೋಗುವ ಕಾರಿನದ್ದೇ.

ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯದೆ ಕನಿಷ್ಠ 230 ಡಿಗ್ರಿವರೆಗೆ ತಡೆಯಬೇಕು. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ತೇವ ಕುಡಿದ ಆಯಿಲಿಗೆ ಕನಿಷ್ಠ ಮಿತಿ 155 ಡಿಗ್ರಿ ಅಷ್ಟೇ. ಕುದ್ದರೆ ಪೈಪಿನೊಳಗೆ ಆವಿಯ ಗುಳ್ಳೆ. ದ್ರವ ಒತ್ತಿದರೆ ಕುಗ್ಗಲ್ಲ, ಆವಿ ಕುಗ್ಗುತ್ತದೆ, ಕಾಲು ನೆಲ ಮುಟ್ಟುತ್ತದೆ. ತಣ್ಣಗಾದ ಮೇಲೆ ಪೆಡಲ್ ಗಟ್ಟಿ ಆಗೋದು ರಿಪೇರಿ ಆಯಿತು ಅಂತಲ್ಲ. ಅದೇ ಹಳೇ ಆಯಿಲ್ ಒಳಗಿದೆ. ಚಾರ್ಮಾಡಿಯ ಹೇರ್‌ಪಿನ್‌ಗಳಲ್ಲಿ ನಾಲ್ಕು ಜನ, ಲಗೇಜು, ಹತ್ತಾರು ನಿಮಿಷ ಒಂದೇ ಸಮ ಇಳಿಜಾರು. ಮತ್ತೆ ಕುದಿಯುತ್ತದೆ, ಮತ್ತು ಅಲ್ಲಿ ನಿಲ್ಲೋಕೆ ಮಣ್ಣಿನ ಜಾಗ ಇರಲ್ಲ.

ಮಾಡಬೇಕಾದ್ದು: ಪೂರ್ತಿ ಆಯಿಲ್ ತೆಗೆಸಿ, ಸೀಲ್ ಒಡೆಯದ ಹೊಸ ಡಬ್ಬಿಯ ಡಾಟ್ 4 ತುಂಬಿಸಿ, ನಾಲ್ಕೂ ಚಕ್ರದಲ್ಲಿ ಬ್ಲೀಡ್ ಮಾಡಿಸಿ (ಪೈಪಿನೊಳಗಿನ ಗಾಳಿ ತೆಗೆಸಿ). ಡಾಟ್ 5 ಬೇಡವೇ ಬೇಡ, ಅದು ಸಿಲಿಕೋನ್, ಇದರ ಜೊತೆ ಬೆರೆಯಲ್ಲ. ಪ್ಯಾಡ್ ಗಾಜಿನಂತೆ ಹೊಳೆಯುತ್ತಿದ್ದರೆ ಬದಲಿಸಿ. ಡಿಸ್ಕಲ್ಲಿ ಬಿರುಕು, ಪ್ಯಾಡ್ ಒತ್ತುವ ಕ್ಯಾಲಿಪರಿನ ರಬ್ಬರ್ ಸುಟ್ಟಿದೆಯಾ ನೋಡಿಸಿ. ಘಾಟಿಯಲ್ಲಿ ಎರಡನೇ ಗೇರಿನಲ್ಲೇ ಇಳಿಯಿರಿ.

ಕೆಎ-13: ಸರ್, ನಮ್ಮ ಮಾವ 1990ರಿಂದ ನುಸಿಗುಳಿಗೆ ಹಾಕ್ತಿದ್ದರು, ಏನೂ ಆಗಿಲ್ಲ. ಕಾರಣ ಹೇಳಿ ಸರ್.

ಗ್ಯಾರೇಜ್ ಅಣ್ಣ: ಅವರದ್ದು ಕಾರ್ಬೊರೇಟರ್ ಗಾಡಿ ಇರಬೇಕು. ಈಗ ಅಂಗಡಿಯ ಎಷ್ಟೋ ಗುಳಿಗೆ ಹಿಂದಿನ ಹಾಗೆ ನ್ಯಾಫ್ತಲೀನ್ ಅಲ್ಲವೇ ಅಲ್ಲ, ಕ್ಲೋರಿನ್ ಇರುವ ಬೇರೆ ರಾಸಾಯನಿಕ. ಸುಟ್ಟರೆ ಆಮ್ಲ ಆಗುತ್ತದೆ. ನ್ಯಾಫ್ತಲೀನ್ ಆದರೂ ಹರಳುಗಟ್ಟಿ ಫಿಲ್ಟರ್, ಇಂಜೆಕ್ಟರ್ ಕಟ್ಟಬಹುದು. ಹೆಚ್ಚು ಆಕ್ಟೇನ್ ಪೆಟ್ರೋಲ್ (ಒತ್ತಡಕ್ಕೆ ತಾನಾಗೇ ಬೇಗ ಹೊತ್ತಿಕೊಳ್ಳದ್ದು) ಬೇಕಿದ್ದರೆ ಬಂಕಿನಲ್ಲೇ 95, 100 ಸಿಗುತ್ತದೆ. ಮೂರನೇ ಸಲ ಕೇಳಬೇಡಿ.

ಕೆಎ-09: ನನಗೆ ಎಕ್ಸಾಸ್ಟ್ ಬದಲಿಸಿದರೆ ಎಷ್ಟು ಎಚ್‌ಪಿ ಬರುತ್ತೆ ಅಂತ ಹೇಳಿ.

ಕೆಎ-05: ಕೆಎ-51, ನೋಡಿದಿರಾ, ಬ್ರೇಕ್ ಕಥೆ? ತೂಕ ಇಳಿಸಿ ಅಂದರೆ ನಗ್ತಿದ್ದಿರಿ.

ಕೆಎ-51: ನಾನು ಬ್ರೇಕ್ ಕೂಡ ದೊಡ್ಡದು ಹಾಕಿಸಿದ್ದೇನೆ. ತಿಳಿದುಕೊಂಡು ಮಾತಾಡಿ.

ಕೆಎ-05: ದೊಡ್ಡ ಡಿಸ್ಕ್ ಅಂದರೆ ಚಕ್ರಕ್ಕೆ ಇನ್ನೂ ತೂಕ.

ಕೆಎ-02: ನಾನು ಸ್ಟೆಪ್ನಿ, ಹಿಂದಿನ ಸೀಟು ತೆಗೆದು, ಸ್ಪ್ರಿಂಗ್ ಒಂದು ಸುತ್ತು ಕತ್ತರಿಸಿ ಓಡಿಸ್ತೀನಿ. ಯೂಟ್ಯೂಬ್ ನೋಡಿ ಮಾಡಿದ್ದು. ಸೂಪರ್.

ಗ್ಯಾರೇಜ್ ಅಣ್ಣ: ಕತ್ತರಿಸಿದ ಸ್ಪ್ರಿಂಗ್ ಚಕ್ರ ಕೆಳಗೆ ಜೋತಾಗ ತಾನು ಕೂರುವ ಜಾಗದಿಂದ ಜಾರಬಹುದು. ಹಂಪ್ ಹಾರಿದ ಗಾಡಿಗಳಲ್ಲಿ ಹೀಗೆ ಆಗಿದ್ದನ್ನು ಕೈಯಾರೆ ತೆಗೆದು ಸರಿಮಾಡಿದ್ದೇನೆ. ನಾಳೆಯೇ ಹೊಸದು ಹಾಕಿಸಿ. ಸೀಟು ತೆಗೆದಿರೋದು ಟ್ರ್ಯಾಕಿಗೆ ಸರಿ, ರಸ್ತೆಗಲ್ಲ.

ಕೆಎ-02: ನೀವು ಎಲ್ಲದಕ್ಕೂ ಬೇಡ ಅಂತೀರಿ. ಮತ್ತೆ ಯಾಕೆ ಪ್ರಶ್ನೋತ್ತರ?

ಅಡ್ಮಿನ್: ಕೆಎ-02, ಸ್ವಲ್ಪ ಮರ್ಯಾದೆ ಇರಲಿ.

ಕೆಎ-09: ನನ್ನ ಪ್ರಶ್ನೆ?

ಕೆಎ-19: ಅಣ್ಣಾ, ಹೆಂಡತಿ ಓದಿ ಕೀ ತೆಗೆದಿಟ್ಟಿದ್ದಾಳೆ. ಬಸ್ಸಿನಲ್ಲಿ ಹೋಗುತ್ತೇವೆ. ಆಯಿಲ್ ನೋಡಿದೆ, ಚಹಾ ಡಿಕಾಕ್ಷನ್ ಬಣ್ಣ. ಬೋನೆಟ್ ಕೆಳಗಿನ ಡಬ್ಬಿಯಲ್ಲಿ ಹೀಗೇ ಇರಬೇಕಾ?

ಗ್ಯಾರೇಜ್ ಅಣ್ಣ: ಹೊಸದು ತಿಳಿ ಹಳದಿ ಇರುತ್ತದೆ. ಕೊನೇ ಸಲ ಯಾವಾಗ ಬದಲಿಸಿದ್ದು? ಬಿಲ್ ಹುಡುಕಿ ಹೇಳಿ. ಮುಂದಿನ ಎಡಚಕ್ರದ ಪ್ಯಾಡ್ ಫೋಟೋನೂ ಹಾಕಿ, ಅಲ್ಲಿವರೆಗೆ ಕಾಯುತ್ತೇನೆ.