ಈ ವಾರದ ಪ್ರಶ್ನೋತ್ತರ: ಶಾರ್ಕ್ ಭಯ

ಶೈಲಜಾ (ಕ್ಲಿನಿಕಲ್ ಸೈಕಾಲಜಿಸ್ಟ್): ಎಲ್ಲರಿಗೂ ನಮಸ್ಕಾರ. ಹೋದ ವಾರ ಹಲ್ಲಿ, ಜಿರಳೆ ಭಯದ ಮಾತಾಯಿತು. ಶಾರ್ಕ್ ಭಯದ ಬಗ್ಗೆ ನಾಲ್ಕೈದು ಜನ ಕೇಳಿದ್ದೀರಿ. ಪ್ರಶ್ನೆಗಳನ್ನು ಇಲ್ಲೇ ಹಾಕಿ. ಕ್ಲಿನಿಕ್ ಮುಗಿದ ಮೇಲೆ ಉತ್ತರಿಸುತ್ತೇನೆ.

ರಮ್ಯಾ, ಮೈಸೂರು: ಮೇಡಂ, ಈಜು ಕಲಿಯುತ್ತಿದ್ದೇನೆ. ಪೂಲಿನಲ್ಲಿ ಆಳದ ಕಡೆ ಹೋದರೆ ಸಾಕು, ಕೆಳಗಿಂದ ಶಾರ್ಕ್ ಬರುತ್ತಿದೆ ಅನ್ನಿಸಿ ಎದೆ ಹೊಡೆದುಕೊಳ್ಳುತ್ತದೆ. ಪೂಲಿನಲ್ಲಿ ಶಾರ್ಕ್ ಇರಲ್ಲ ಅಂತ ನನಗೂ ಗೊತ್ತು. ನನಗೇನಾದರೂ ತಲೆ ಕೆಟ್ಟಿದೆಯಾ?

ಶೈಲಜಾ: ಖಂಡಿತ ಇಲ್ಲ ರಮ್ಯಾ. ಇದು ಫೋಬಿಯಾ. ಬುದ್ಧಿ ಯೋಚಿಸುವ ಮೊದಲೇ ಮೈ ಹೆದರಿರುತ್ತದೆ. ಆಮೇಲೆ ಎಷ್ಟು ಸಮಾಧಾನ ಹೇಳಿಕೊಂಡರೂ ಅದು ಕೇಳುವುದಿಲ್ಲ. ನೀವು ಆಗ ದಡಕ್ಕೆ ಓಡಿ ಬರುತ್ತೀರಿ, ಅಲ್ವಾ? ಬಂದ ಕೂಡಲೇ ಹಾಯೆನಿಸುತ್ತದೆ. ಆ ಹಾಯೇ ಭಯಕ್ಕೆ ಹಾಕುವ ಗೊಬ್ಬರ. ಓಡಿ ಬಂದಿದ್ದಕ್ಕೇ ಬದುಕಿದೆ ಅಂತ ಮನಸ್ಸು ನಂಬಿಬಿಡುತ್ತದೆ. ಮತ್ತೆ ಮತ್ತೆ ತಿರುಗಿ ತಳ ನೋಡುವುದೂ ಹಾಗೆಯೇ.

ಇದಕ್ಕೆ ಚಿಕಿತ್ಸೆ ಅಂದರೆ ಓಡದೆ, ಹಂತ ಹಂತವಾಗಿ ಭಯವನ್ನು ಎದುರಿಸುವುದು. ಮೊದಲು ಶಾರ್ಕ್ ಚಿತ್ರ ನೋಡಿ. ಆಮೇಲೆ ಸದ್ದಿಲ್ಲದ ವಿಡಿಯೊ. ಆಮೇಲೆ ಕೋಚ್ ಪಕ್ಕದಲ್ಲಿದ್ದಾಗ ಸೊಂಟದ ಮಟ್ಟದ ನೀರು. ಭಯಕ್ಕೆ ಹತ್ತರಲ್ಲಿ ಅಂಕ ಕೊಡುತ್ತಾ ಹೋಗಿ. ಎಂಟಕ್ಕೆ ಏರಿದಾಗ ಓಡಬೇಡಿ, ನಾಲ್ಕಕ್ಕೆ ಇಳಿಯುವ ತನಕ ಅಲ್ಲೇ ಇರಿ. ಒಂದು ಹಂತ ಸಪ್ಪೆ ಅನ್ನಿಸಿದ ಮೇಲೆ ಮುಂದಿನದು.

ನಾಗರಾಜ್, ದಾವಣಗೆರೆ: ಇದಕ್ಕೆಲ್ಲ ಇಷ್ಟು ದೂರ ಯಾಕೆ? ನಮ್ಮಪ್ಪ ನನ್ನನ್ನು ಬಾವಿಗೆ ಎಸೆದೇ ಈಜು ಕಲಿಸಿದ್ದು. ಫಾರ್ವರ್ಡ್ ಬಂದಿದೆ, ನೋಡಿ: "ನೀರಿನ ಭಯ ಇದ್ದವರನ್ನು ಹೇಳದೆ ಕೇಳದೆ 3 ಸಲ ತಳ್ಳಿದರೆ ಭಯ ಶಾಶ್ವತವಾಗಿ ಹೋಗುತ್ತದೆ. ಎಲ್ಲರಿಗೂ ಹಂಚಿ."

ಶೈಲಜಾ: ಯಾರೂ ಯಾರನ್ನೂ ತಳ್ಳಬೇಡಿ. ಗಾಬರಿಯಾದವರು ನೀರು ಕುಡಿಯುತ್ತಾರೆ, ಎತ್ತಲು ಬಂದವರನ್ನೂ ಮುಳುಗಿಸುತ್ತಾರೆ. ತಳ್ಳಿಸಿಕೊಂಡು ಭಯ ದುಪ್ಪಟ್ಟಾದವರು ನನ್ನ ಹತ್ತಿರ ಬರುತ್ತಾರೆ. ನಾನು ಹೇಳುವ ಚಿಕಿತ್ಸೆಯಲ್ಲಿ ಮುಂದಿನ ಹೆಜ್ಜೆ ಯಾವಾಗ ಅಂತ ಹೆದರಿದವರೇ ಹೇಳಬೇಕು. ಆ ಫಾರ್ವರ್ಡ್ ಅಳಿಸಿ.

ಗಣೇಶ, ಮಲ್ಪೆ: ನಾನು ಮೀನುಗಾರರ ಮನೆಯವನು. ನಮ್ಮ ಬಲೆಗೆ ಬೀಳುವ ಶಾರ್ಕುಗಳಲ್ಲಿ ಎರಡಡಿ ಆಸುಪಾಸಿನವೂ ಇರುತ್ತವೆ. ಅವನ್ನು ಸಾರು ಮಾಡಿ ತಿನ್ನುತ್ತೇವೆ. ಇವರು ಪೂಲಿನಲ್ಲಿ ಹೆದರುತ್ತಾರಂತೆ!

ರಮ್ಯಾ, ಮೈಸೂರು: ನನ್ನ ಪ್ರಶ್ನೆ ನಿಮಗಲ್ಲ ಗಣೇಶ್.

ಗಣೇಶ, ಮಲ್ಪೆ: ತಪ್ಪು ತಿಳಿಯಬೇಡಿ ಅಕ್ಕ. ನಿಜ ಹೇಳಿದೆ ಅಷ್ಟೇ. ನಮ್ಮಲ್ಲಿ ಜೀವ ತೆಗೆಯುವುದು ನೀರಿನ ಸೆಳೆತ. ಮಳೆಗಾಲದಲ್ಲಿ ಕೆಂಪು ಬಾವುಟ ಕಂಡರೂ ಇಳಿಯುತ್ತಾರೆ.

ಸುಧಾ, ಬೆಂಗಳೂರು: ಹಾಗಾದರೆ ತಿಮಿಂಗಿಲ ಶಾರ್ಕ್? ಬಸ್ಸಿನಷ್ಟು ಉದ್ದ ಇರುತ್ತದಲ್ಲ! ಅದು ಸಸ್ತನಿ ಬೇರೆ.

ಗಣೇಶ, ಮಲ್ಪೆ: ಸಸ್ತನಿ ಅಲ್ಲ ಅಕ್ಕ, ಮೀನು. ಕಿವಿರಿದೆ. ಮೀನುಗಳಲ್ಲೇ ಅತಿ ದೊಡ್ಡದು. ತಿನ್ನುವುದು ನೀರಲ್ಲಿ ತೇಲುವ ಸಣ್ಣ ಜೀವಿಗಳನ್ನು. 2001ರಿಂದ ಅದನ್ನು ಹಿಡಿಯುವುದು ಅಪರಾಧ. ಬಲೆಗೆ ಬಿದ್ದರೆ ಬಲೆ ಕತ್ತರಿಸಿ ಬಿಡಬೇಕು.

ಸುಧಾ, ಬೆಂಗಳೂರು: ಹೆಸರಲ್ಲೇ ತಿಮಿಂಗಿಲ ಅಂತಿದೆಯಲ್ಲ.

ಗಣೇಶ, ಮಲ್ಪೆ: ಹೆಸರು ನೋಡಿ ಜಾತಿ ಹೇಳಲು ಆಗಲ್ಲ.

ಸುಧಾ, ಬೆಂಗಳೂರು: ನಾನು ಜುವಾಲಜಿ ಓದಿದವಳು. ನೀವು ಕಲಿಸಬೇಡಿ.

ಶೈಲಜಾ: ಅದು ಮೀನೇ. ಗಣೇಶ್ ಸರಿ. ಮುಂದೆ ಹೋಗೋಣ.

ವಿನಯ್, ಹಾಸನ: ನಾನೂ ಕೆರೆಗೆ ಇಳಿದರೆ ಹೀಗೇ. ಹುಚ್ಚಾ ಇದು ಮೇಡಂ?

ಶೈಲಜಾ: ಅಲ್ಲ. ಮೇಲೆ ರಮ್ಯಾಗೆ ಬರೆದಿದ್ದನ್ನು ಓದಿ.

ಪ್ರವೀಣ್, ತುಮಕೂರು: ಮೇಡಂ, ನನಗೆ 29. ಒಂಬತ್ತನೇ ವಯಸ್ಸಲ್ಲಿ ಮಾವನ ಮನೆಯಲ್ಲಿ ಶಾರ್ಕ್ ಸಿನಿಮಾ ನೋಡಿದೆ. ಅವತ್ತಿಂದ ನೀರೆಂದರೆ ಇದೇ. ಇನ್ನು ಎರಡು ವಾರಕ್ಕೆ ಆಫೀಸಿನವರು ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾಗೆ ಹೋಗುತ್ತಿದ್ದೇವೆ. ನಮ್ಮೂರ ಮೆಡಿಕಲ್ ಸ್ಟೋರಿನ ಗೆಳೆಯ ಆಲ್‌ಪ್ರಜೋಲಂ ಅನ್ನೋ ಆತಂಕದ ಮಾತ್ರೆ ಕೊಟ್ಟ. ಹೋದ ವಾರ ಪೂಲಿಗೆ ಇಳಿಯುವ ಮುಂಚೆ ಒಂದು ನುಂಗಿದೆ. ಭಯವೇ ಆಗಲಿಲ್ಲ, ಕಾಲು ಮಾತ್ರ ಭಾರ ಅನ್ನಿಸಿತು. ಅವತ್ತಿಗೆ ಎರಡು ತಗೊಂಡರೆ ಸಾಕಾ?

ಶೈಲಜಾ: ಪ್ರವೀಣ್, ಒಂದೂ ಬೇಡ. ದಯವಿಟ್ಟು ಪೂರ್ತಿ ಓದಿ.

ಆ ಕಾಲು ಭಾರವೇ ನನಗೆ ಭಯ ತರಿಸಿದ್ದು. ಆ ಮಾತ್ರೆ ಮಂಪರು ತರುತ್ತದೆ, ಸ್ನಾಯು ಸಡಿಲ ಮಾಡುತ್ತದೆ, ಯೋಚನೆ ನಿಧಾನ ಮಾಡುತ್ತದೆ. ನೀರಿನಡಿ ಉಸಿರಿನ ಕೊಳವೆ ಬಾಯಿಂದ ಜಾರಿದರೆ ತಕ್ಷಣ ಹುಡುಕಿ ಹಾಕಿಕೊಳ್ಳಬೇಕು. ಮಾತ್ರೆ ತಗೊಂಡವರ ಕೈ ಆ ಹೊತ್ತಿಗೆ ಬರುವುದಿಲ್ಲ. ಜೊತೆಗೆ ಬಿಯರ್ ಕುಡಿದರೆ ಉಸಿರೇ ಕುಗ್ಗಬಹುದು. ಡೈವಿಂಗ್‌ನವರು ಕೊಡುವ ಆರೋಗ್ಯದ ಫಾರ್ಮ್‌ನಲ್ಲಿ ಯಾವ ಮಾತ್ರೆ ತಗೊಳ್ಳುತ್ತೀರಿ ಅಂತ ಕೇಳುವುದು ಇದಕ್ಕೇ. ಅಲ್ಲಿ ಮುಚ್ಚಿಡಬೇಡಿ.

ಎರಡನೆಯದು. ಮಾತ್ರೆ ನುಂಗಿ ಇಳಿದರೆ "ಮಾತ್ರೆಯಿಂದ ಉಳಿದೆ" ಅಂತ ಮನಸ್ಸು ಕಲಿಯುತ್ತದೆ. ಶಾರ್ಕ್ ಭಯ ಹಾಗೇ ಉಳಿಯುತ್ತದೆ, ಮೇಲೆ ಮಾತ್ರೆ ಇಲ್ಲದಿದ್ದರೆ ಅನ್ನೋ ಭಯವೂ ಸೇರುತ್ತದೆ.

ಮೂರನೆಯದು. ಇದು ಎಚ್1 ಪಟ್ಟಿಯ ಔಷಧಿ. ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ, ಅಂಗಡಿಯವರು ರಿಜಿಸ್ಟರಿನಲ್ಲಿ ಬರೆಯಬೇಕು. ನಿಮ್ಮ ಗೆಳೆಯ ನಿಮಗೆ ಉಪಕಾರ ಮಾಡಿಲ್ಲ.

ಈಗ ನೀವು ಹೇಳಿ. ಪೂಲಿಗೆ ಇಳಿದ ದಿನ ಬಿಟ್ಟು ಬೇರೆ ದಿನ ತಗೊಂಡಿದ್ದೀರಾ?

ಮಂಜುಳಾ, ಶಿವಮೊಗ್ಗ: ಮೇಡಂ, ನನ್ನ ಮಗನಿಗೆ ನಾಲ್ಕು ವರ್ಷ. ಕಾರ್ಟೂನ್ ನೋಡಿ ಈಗ ಟಬ್ಬಿನಲ್ಲಿ ಕೂರುವುದಿಲ್ಲ. ಏನು ಮಾಡಲಿ?

ನಾಗರಾಜ್, ದಾವಣಗೆರೆ: ಕರ್ಪೂರ, ನಿಂಬೆಹಣ್ಣು ಇಳಿ ತೆಗೆದು ಮೂರು ದಾರಿ ಕೂಡುವ ಕಡೆ ಹಾಕಿ. ಇದೂ ಫಾರ್ವರ್ಡ್ ಬಂದಿದ್ದೇ.

ವಿನಯ್, ಹಾಸನ: ನಾಗರಾಜಣ್ಣ, ಸುಮ್ನಿರಿ.

ನಾಗರಾಜ್, ದಾವಣಗೆರೆ: ನೀನು ಯಾರಪ್ಪ ಹೇಳೋಕೆ? ನಮ್ಮ ಹಿರಿಯರಿಗೆ ಫೋಬಿಯಾ ಇರಲಿಲ್ಲ.

ಗಣೇಶ, ಮಲ್ಪೆ: ಇತ್ತು ಅಣ್ಣ. ನಮ್ಮಜ್ಜ ಒಂದು ಸಲ ದೋಣಿ ಮಗುಚಿದ ಮೇಲೆ ಮತ್ತೆ ಸಮುದ್ರಕ್ಕೆ ಇಳಿಯಲೇ ಇಲ್ಲ. ಯಾರೂ ಅದಕ್ಕೆ ಹೆಸರಿಟ್ಟಿರಲಿಲ್ಲ, ಅಷ್ಟೇ.

ಪ್ರವೀಣ್, ತುಮಕೂರು: ರಾತ್ರಿ ಮಲಗುವಾಗ ತಗೊಳ್ಳುತ್ತಿದ್ದೇನೆ ಮೇಡಂ. ಟ್ರಿಪ್ ಯೋಚನೆಗೆ ನಿದ್ದೆ ಬರುತ್ತಿರಲಿಲ್ಲ. ಐದು ವಾರ ಆಯ್ತು. ಬೇಡ ಅಂದರೆ ಇವತ್ತೇ ಬಿಟ್ಟುಬಿಡುತ್ತೇನೆ.

ಶೈಲಜಾ: ಇವತ್ತೇ ಬಿಡಬೇಡಿ! ದಿನಾ ತಗೊಂಡು ಥಟ್ಟನೆ ನಿಲ್ಲಿಸಿದರೆ ನಡುಕ, ವಿಪರೀತ ಗಾಬರಿ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಮನೋವೈದ್ಯರು ಡೋಸ್ ನಿಧಾನವಾಗಿ ಇಳಿಸುತ್ತಾರೆ. ನಾನು ಮಾತ್ರೆ ಬರೆಯುವ ಡಾಕ್ಟರ್ ಅಲ್ಲ. ಈ ವಾರವೇ ಮನೋವೈದ್ಯರನ್ನು ನೋಡಿ. ಯಾರ ಹತ್ತಿರ ಹೋಗುವುದು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನೇತ್ರಾಣಿಗೆ ಹೋಗಿ, ಆದರೆ ಡೈವ್ ಬೇಡ, ದೋಣಿಯಲ್ಲೇ ಕೂತಿರಿ.

ಪ್ರವೀಣ್, ತುಮಕೂರು: ಟೀಮಿನವರು ಆಡಿಕೊಳ್ಳುತ್ತಾರೆ.

ರಮ್ಯಾ, ಮೈಸೂರು: ಆಡಿಕೊಳ್ಳಲಿ ಬಿಡಿ ಪ್ರವೀಣ್. ನಾನೂ ದಡದಲ್ಲಿ ಕೂತವಳೇ.

ಸುಧಾ, ಬೆಂಗಳೂರು: ಮೇಡಂ, ಹಿಪ್ನಾಟಿಸಂ ಮಾಡಿಸಿದರೆ?

ವಿನಯ್, ಹಾಸನ: ಮೇಡಂ, ಎಷ್ಟು ಸಲ ಬರಬೇಕಾಗುತ್ತೆ?

ಶೈಲಜಾ: ಸರಳ ಫೋಬಿಯಾ ಆದರೆ ಕೆಲವೇ ಭೇಟಿ. ಸುಮಾರು ಮೂರು ಗಂಟೆಯ ಒಂದೇ ಭೇಟಿಯಲ್ಲಿ ಮುಗಿಸುವ ಪದ್ಧತಿಯೂ ಇದೆ.

ನಾಗರಾಜ್, ದಾವಣಗೆರೆ: ಮೂರು ಗಂಟೆ ಮಾತಾಡೋಕೆ ದುಡ್ಡು ಬೇರೆ.

ಶೈಲಜಾ: ನಾಗರಾಜ್ ಅವರೇ, ಇಲ್ಲೊಬ್ಬರು ಮಾತ್ರೆ ನುಂಗಿ ಸಮುದ್ರಕ್ಕೆ ಇಳಿಯುವವರಿದ್ದರು. ಇನ್ನೊಂದು ಫಾರ್ವರ್ಡ್ ಹಾಕಿದರೆ ಅಡ್ಮಿನ್‌ಗೆ ಹೇಳುತ್ತೇನೆ.

ಪ್ರವೀಣ್, ತುಮಕೂರು: ಫೋನ್ ಮಾಡಿದೆ ಮೇಡಂ. ಜಿಲ್ಲಾ ಆಸ್ಪತ್ರೆಗೆ ಹೋಗಲು ಹೇಳಿದರು. ನಾಳೆ ಬೆಳಿಗ್ಗೆ ಹೋಗುತ್ತೇನೆ. ಮಾತ್ರೆ ಸ್ಟ್ರಿಪ್ ತಗೊಂಡು ಹೋಗಲಾ?

ಶೈಲಜಾ: ತಗೊಂಡು ಹೋಗಿ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಪ್ಪನನ್ನೋ ಅಣ್ಣನನ್ನೋ ಕರೆದುಕೊಂಡು ಹೋಗಿ. ಬೈಕ್ ನೀವು ಓಡಿಸಬೇಡಿ.